ಕೈಯಿಂದ ಕೈಗೆ ಬೇಸ್ ಗಿಟಾರ್

ಈ ಮಾತನ್ನು ಮೊಬೈಲಿನಲ್ಲೋ ಅಡುಗೆಮನೆಯ ಪುಟ್ಟ ರೇಡಿಯೋದಲ್ಲೋ ಕೇಳುತ್ತಿರುವವರಿಗೆ ಬೇಸ್ ಗಿಟಾರಿನ ಪೂರ್ತಿ ದನಿಯನ್ನು ಇಲ್ಲಿಂದ ಮುಟ್ಟಿಸುವುದು ಕಷ್ಟ. ಆ ವಾದ್ಯದ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ದನಿಯನ್ನು ಹೊರಡಿಸುವ ಶಕ್ತಿ ಸಣ್ಣ ಸ್ಪೀಕರಿಗಿಲ್ಲ. ಆದರೂ ಹಾಡಿನ ತಳದಲ್ಲಿ ಏನೋ ನಡೆಯುತ್ತಿದೆ ಎಂದು ತಿಳಿಯುತ್ತದಲ್ಲ, ಅದು ನಮ್ಮ ಕಿವಿ ಮತ್ತು ಮಿದುಳು ಸೇರಿ ಮಾಡುವ ಕೆಲಸ. ಅದೇ ತಂತಿ ಹೊರಡಿಸುವ 82, 123, 164ರ ಕಂಪನಗಳು ಕೇಳಿಸಿದ ಕೂಡಲೇ ಮಿದುಳು ಕೇಳಿಸದ 41ನ್ನು ತಾನೇ ತುಂಬಿಕೊಳ್ಳುತ್ತದೆ. ಬಯಲಿನ ರಸಮಂಜರಿಯಲ್ಲಿ ಈ ಪಾಡಿಲ್ಲ. ಅಲ್ಲಿ ದೊಡ್ಡ ಸ್ಪೀಕರಿನ ಎದುರು ನಿಂತವರಿಗೆ ಬೇಸ್ ಎದೆಗೇ ತಾಗುತ್ತದೆ.

ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ಹೊಳೆದಂಡೆಯ ಊರುಗಳು, ಎರಡೂ ಜಾತ್ರೆಯ ಊರುಗಳು. ಒಂದರಲ್ಲಿ ಶ್ರೀಕಂಠೇಶ್ವರನ ಪಂಚಮಹಾರಥೋತ್ಸವ. ಇನ್ನೊಂದರಲ್ಲಿ ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಕೂಡುವ ಜಾಗದಲ್ಲಿ 1989ರಿಂದ ನಡೆದುಬಂದ ಕುಂಭಮೇಳ. ಇವುಗಳ ಜೊತೆಗೆ ಗಣೇಶನ ಹಬ್ಬ, ರಾಜ್ಯೋತ್ಸವ, ಊರಹಬ್ಬ, ಮದುವೆಯ ಆರತಕ್ಷತೆ. ಇಂಥ ಕಡೆಗಳಲ್ಲೆಲ್ಲ ಆರ್ಕೆಸ್ಟ್ರಾದವರಿಗೆ ಕೆಲಸ. ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಲೀಡ್ ಗಿಟಾರ್ ಇರುವ ತಂಡಕ್ಕೆ ಬೇಸ್ ಸೇರಿಸಿಕೊಳ್ಳಬೇಕು ಅನ್ನಿಸಿದಾಗ ಹೊಸದನ್ನು ಕೊಳ್ಳುವ ದುಡ್ಡು ಎಲ್ಲರ ಕೈಯಲ್ಲೂ ಇರುವುದಿಲ್ಲ. ಆಗ ಹುಡುಕಾಟ ಶುರುವಾಗುವುದು ಸೆಕೆಂಡ್ ಹ್ಯಾಂಡ್ ವಾದ್ಯಕ್ಕೆ: ಬೇರೆ ತಂಡ ಬಿಟ್ಟವರದ್ದು, ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗ ಅಟ್ಟದ ಮೇಲಿಟ್ಟದ್ದು, ವಿದೇಶದಿಂದ ಬಂದ ನೆಂಟರು ಬಿಟ್ಟುಹೋದದ್ದು.

ಇಂಥ ವಾದ್ಯವನ್ನು ಕೊಳ್ಳುವ ಮಾರುವ ರೀತಿಯನ್ನು ಕುರಿತೇ ಈ ಹೊತ್ತಿನ ಮಾತು. ಹೆಚ್ಚಿನವರು ಬೆಲೆ ಕಟ್ಟುವುದು ವಾದ್ಯದ ತಲೆಯ ಮೇಲೆ ಬರೆದ ಹೆಸರಿಗೆ ಮತ್ತು ಬಣ್ಣದ ಹೊಳಪಿಗೆ. ಬೆಲೆ ಕಟ್ಟಬೇಕಾದದ್ದು ನೆಕ್ಕಿಗೆ, ಅಂದರೆ ವಾದ್ಯದ ಉದ್ದನೆಯ ಕತ್ತಿಗೆ, ಮತ್ತು ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿಗೆ. ಇವೆರಡನ್ನೂ ಕೈಯಿಂದ, ಕಿವಿಯಿಂದ, ಒಂದು ಸಾಧಾರಣ ಮಲ್ಟಿಮೀಟರಿನಿಂದ ಪರೀಕ್ಷೆ ಮಾಡಬಹುದು. ಅದಕ್ಕೆ ದೊಡ್ಡ ಅಂಗಡಿಯೂ ಬೇಡ, ಪರಿಣತರೂ ಬೇಡ.

ಬೇಸ್ ಯಾಕೆ ಬೇಕು, ಕೀಬೋರ್ಡಿನ ಎಡಗೈಯಲ್ಲೇ ನುಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಎಷ್ಟೋ ತಂಡಗಳು ಹಾಗೇ ಮಾಡಿಕೊಂಡಿವೆ, ಕೆಲವು ಹಾಡಿಗೆ ಅದು ಸಾಲುತ್ತದೆ ಕೂಡ. ಆದರೆ ಇಳಯರಾಜ ಸಂಗೀತ ಕೊಟ್ಟ 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡುಗಳನ್ನು ವೇದಿಕೆಗೆ ತರುವವರಿಗೆ ಕಷ್ಟ ಗೊತ್ತು. ಅಲ್ಲಿ ಬೇಸ್ ತಾಳಕ್ಕೆ ಒತ್ತು ಕೊಟ್ಟು ಸುಮ್ಮನಾಗುವುದಿಲ್ಲ, ಹಾಡಿನ ಕೆಳಗೆ ತಾನೇ ಇನ್ನೊಂದು ಹಾಡಾಗಿ ನಡೆಯುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರುವ ಸದ್ದು, ತಂತಿಯನ್ನು ಅರ್ಧ ಒತ್ತಿ ನಿಲ್ಲಿಸುವ ಸದ್ದು ಕೀಬೋರ್ಡಿನಲ್ಲಿ ಹಾಗೇ ಬರುವುದಿಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಜಾನಪದದ ಮಟ್ಟುಗಳನ್ನೂ ಶರೀಫರ ಪದಗಳನ್ನೂ ಬ್ಯಾಂಡಿನ ವೇದಿಕೆಗೆ ತಂದಾಗ ಅವರ ತಂಡದಲ್ಲಿ ಗೌರವ್ ವಾಜ್ ಬೇಸ್ ಹಿಡಿದಿದ್ದರು. ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡಕ್ಕೆ ಜಿಷ್ಣು ದಾಸ್‌ಗುಪ್ತ ಬೇಸ್ ನುಡಿಸುತ್ತಾರೆ. ಇಂಥ ತಂಡಗಳನ್ನು ಕೇಳಿ ಬೆಳೆದ ಕಾಲೇಜು ಹುಡುಗರಿಗೆ ನಾಲ್ಕು ದಪ್ಪ ತಂತಿಯ ಈ ವಾದ್ಯ ಪರಕೀಯ ಅನ್ನಿಸುವುದಿಲ್ಲ.

ಪಶ್ಚಿಮದ ವಾದ್ಯವನ್ನು ತಂದು, ನಮ್ಮ ಸಭೆಗೆ ತಕ್ಕಂತೆ ಬಿಚ್ಚಿ ಕಟ್ಟಿಕೊಳ್ಳುವುದು ಈ ಸೀಮೆಗೆ ಹೊಸದೂ ಅಲ್ಲ. ಪಿಟೀಲು ಚೌಡಯ್ಯನವರು ಹುಟ್ಟಿದ್ದು ತಿರುಮಕೂಡಲಿನಲ್ಲಿ, 1895ರಲ್ಲಿ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತು, 1920ರ ದಶಕದ ಹೊತ್ತಿಗೆ ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲ ಅದು. ಸಭೆಯ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿಲ್ಲ ಎಂಬುದು ಅವರಿಗೆ ಚಿಂತೆಯಾಯಿತು. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಕತ್ತು, ಬಿರಡೆ, ಕುದುರೆ ಎಲ್ಲವನ್ನೂ ಏಳು ತಂತಿಯ ಎಳೆತಕ್ಕೆ ಹೊಂದಿಸಬೇಕಾಯಿತು. ಶುದ್ಧ ಪಿಟೀಲು ಕೆಟ್ಟಿತು ಎಂದು ಆಕ್ಷೇಪಿಸಿದವರೂ ಇದ್ದರು. ಆದರೆ ಆ ನಾದ ಹಿಂದಿನ ಸಾಲಿಗೆ ತಲುಪಿತು. 1957ರಲ್ಲಿ ಅವರಿಗೆ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂತು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ಏಳು ತಂತಿಯ ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ.

ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಎಂಬ ತೊಂದರೆಯೇ ಅಮೆರಿಕದಲ್ಲಿ ವಿದ್ಯುತ್ ಬೇಸ್ ಹುಟ್ಟಲೂ ಕಾರಣ. ಅಲ್ಲಿಯ ನೃತ್ಯಮೇಳಗಳಲ್ಲಿ ಆಳೆತ್ತರದ ಡಬಲ್ ಬೇಸ್ ಇರುತ್ತಿತ್ತು. ಅದನ್ನು ಹೊತ್ತು ತಿರುಗುವುದು ಕಷ್ಟ, ತುತ್ತೂರಿ ಡ್ರಮ್ಮುಗಳ ನಡುವೆ ಅದು ಕೇಳಿಸುವುದೂ ಕಷ್ಟ. 1930ರ ದಶಕದಲ್ಲಿ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಎಂಬಾತ ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಮಾಡಿದ, ಅದು ಹೆಚ್ಚು ಹರಡಲಿಲ್ಲ. 1951ರಲ್ಲಿ ಲಿಯೊ ಫೆಂಡರ್ ಹೊರತಂದ ‘ಪ್ರಿಸಿಷನ್ ಬೇಸ್’ ಲೋಕವನ್ನೇ ಸುತ್ತಿತು. ಅದಕ್ಕೆ ಫ್ರೆಟ್‌ಗಳಿದ್ದವು, ಅಂದರೆ ವೀಣೆಗೆ ಮೆಟ್ಟಿಲುಗಳಿದ್ದ ಹಾಗೆ. ಬೆರಳು ಒಂದಿಷ್ಟು ಅತ್ತಿತ್ತ ಬಿದ್ದರೂ ಸ್ವರ ತಪ್ಪುವುದಿಲ್ಲ. 1957ರಲ್ಲಿ ಆ ಬೇಸಿನ ಪಿಕಪ್ಪನ್ನು ಎರಡು ತುಂಡು ಮಾಡಿ ಹಿಂದೆಮುಂದೆ ಕೂರಿಸಿದರು. 1960ರಲ್ಲಿ ಎರಡು ಉದ್ದನೆಯ ಪಿಕಪ್ ಇರುವ ‘ಜ್ಯಾಜ್ ಬೇಸ್’ ಬಂತು. ಇಂದು ನಮ್ಮ ಕಡೆ ಕೈಬದಲಾಗುವ ಅಗ್ಗದ ಬೇಸುಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದರ ನಕಲು. ಆದ್ದರಿಂದ ಈ ಎರಡರ ಪಿಕಪ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಕೊಳ್ಳುವವರ ಅರ್ಧ ಕೆಲಸ ಮುಗಿದ ಹಾಗೆ.

ಪಿಕಪ್ ಎಂದರೆ ಒಂದು ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಈ ತಂತಿ ತಲೆಗೂದಲಷ್ಟು ತೆಳು, ಮೇಲೆ ವಿದ್ಯುತ್ ಹಾಯದಂತೆ ಎನಾಮೆಲ್ ಲೇಪ. ಅಯಸ್ಕಾಂತದ ಮೇಲಿರುವ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರವೂ ಅಲುಗುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ವೀಣೆಗೂ ಪಿಟೀಲಿಗೂ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಬೇರೆ ಜಾತಿಯದು. ಅದು ಮರದ ಅದುರುವಿಕೆಯನ್ನು ಹಿಡಿಯುತ್ತದೆ, ತಂತಿ ಉಕ್ಕಿನದೋ ಹಿತ್ತಾಳೆಯದೋ ಎಂದು ನೋಡುವುದಿಲ್ಲ. ಬೇಸಿನ ಕಾಂತದ ಪಿಕಪ್ಪಿಗೆ ಕಬ್ಬಿಣದ ಅಂಶವಿರುವ ತಂತಿಯೇ ಬೇಕು. ಬರೀ ಹಿತ್ತಾಳೆ ತಂತಿಯನ್ನು ಅದರ ಮೇಲೆ ಮೀಟಿದರೆ ಹೆಚ್ಚುಕಡಿಮೆ ಏನೂ ಕೇಳಿಸದು.

ಹಳೆಯ ಪಿಕಪ್ ಸತ್ತಿದೆಯೋ ಬದುಕಿದೆಯೋ ನೋಡುವುದು ಸುಲಭ. ಗಿಟಾರ್ ಕೇಬಲ್ಲಿನ ಒಂದು ತುದಿಯನ್ನು ಬೇಸಿಗೆ ಚುಚ್ಚಿ, ವಾಲ್ಯೂಮ್ ಮತ್ತು ಟೋನ್ ನಾಬುಗಳನ್ನು ಪೂರ್ತಿ ತಿರುಗಿಸಿ, ಇನ್ನೊಂದು ತುದಿಯ ಜ್ಯಾಕಿನ ಮೊನೆಗೂ ಬುಡಕ್ಕೂ ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಬೇಕು. ಮೀಟರ್ ಓಮ್ ಅಳೆಯುವ ಜಾಗದಲ್ಲಿರಬೇಕು. ಪ್ರಿಸಿಷನ್ ಮಾದರಿಯಲ್ಲಿ ಸಾಮಾನ್ಯವಾಗಿ 10 ಕಿಲೋ ಓಮ್‌ನ ಆಸುಪಾಸು ಬರುತ್ತದೆ. ಜ್ಯಾಜ್ ಮಾದರಿಯ ಒಂದೊಂದು ಪಿಕಪ್ 7ರಿಂದ 8 ಕಿಲೋ ಓಮ್ ಇರುತ್ತದೆ, ಎರಡನ್ನೂ ಒಟ್ಟಿಗೆ ಅಳೆದರೆ ಅದರ ಅರ್ಧ. ಮೀಟರ್ 250 ಕಿಲೋ ಓಮ್‌ನ ಹತ್ತಿರ ತೋರಿಸಿದರೆ ಎಲ್ಲೋ ಸುರುಳಿ ಕಡಿದಿದೆ, ಮೀಟರ್ ಕಾಣುತ್ತಿರುವುದು ಪಿಕಪ್ಪನ್ನಲ್ಲ, ವಾಲ್ಯೂಮ್ ನಾಬಿನ ಕೆಳಗಿರುವ ಪಾಟ್ ಎಂಬ ಬಿಡಿಭಾಗವನ್ನು. ಇರಬೇಕಾದದ್ದಕ್ಕಿಂತ ತೀರ ಕಡಿಮೆ ಬಂದರೆ ಸುರುಳಿಯ ಸುತ್ತುಗಳು ಒಳಗೇ ಒಂದಕ್ಕೊಂದು ತಾಗಿಕೊಂಡಿರಬಹುದು. ಒಂಬತ್ತು ವೋಲ್ಟ್ ಬ್ಯಾಟರಿ ಹಾಕುವ ಆಕ್ಟಿವ್ ಬೇಸುಗಳಿಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ಅವುಗಳಲ್ಲಿ ಪಿಕಪ್ಪಿಗೂ ಕೇಬಲ್ಲಿಗೂ ನಡುವೆ ಒಂದು ಸರ್ಕ್ಯೂಟ್ ಇರುತ್ತದೆ. ಹಾಗಾಗಿ ಹೋಗುವಾಗ ಒಂದು ಹೊಸ ಬ್ಯಾಟರಿ ಜೇಬಿನಲ್ಲಿರಬೇಕು. ‘ಬ್ಯಾಟರಿ ವೀಕ್ ಆಗಿದೆ, ಅದಕ್ಕೇ ಸೌಂಡ್ ಬರ್ತಿಲ್ಲ’ ಎಂಬ ಮಾತು ನಿಜವೋ ಅಲ್ಲವೋ ಅಲ್ಲೇ ತಿಳಿಯುತ್ತದೆ.

ಮೀಟರ್ ಇಲ್ಲದವರಿಗೆ ಕಿವಿ ಇದೆ. ಪ್ರಿಸಿಷನ್ ಮಾದರಿಯ ಪಿಕಪ್ ಎರಡು ತುಂಡು: ಒಂದು ದಪ್ಪಗಿನ ಎರಡು ತಂತಿಗೆ, ಇನ್ನೊಂದು ತೆಳುವಾದ ಎರಡಕ್ಕೆ. ನಾಲ್ಕನ್ನೂ ಒಂದೇ ಒತ್ತಿನಲ್ಲಿ ಮೀಟಿದಾಗ ಯಾವುದಾದರೂ ಜೋಡಿ ಮಂಕಾಗಿದ್ದರೆ ಆ ತುಂಡನ್ನು ಸಂಶಯಿಸಬೇಕು. ಜ್ಯಾಜ್ ಮಾದರಿಯಲ್ಲಿ ಇನ್ನೂ ಒಳ್ಳೆಯ ಪರೀಕ್ಷೆ ಇದೆ. ಅದರ ಎರಡು ಪಿಕಪ್‌ಗಳನ್ನು ಒಂದಕ್ಕೊಂದು ತಿರುಗುಮುರುಗಾಗಿ ಸುತ್ತಿರುತ್ತಾರೆ. ಒಂದನ್ನೇ ತೆರೆದರೆ ‘ಗುಂಯ್’ ಎಂಬ ಕರೆಂಟಿನ ಸದ್ದು ಬರುತ್ತದೆ, ಎರಡನ್ನೂ ಪೂರ್ತಿ ತೆರೆದರೆ ಆ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಅಡಗದಿದ್ದರೆ ಯಾರೋ ಒಂದು ಪಿಕಪ್ ಬದಲಿಸಿದ್ದಾರೆ ಅಥವಾ ಸೋಲ್ಡರಿಂಗ್ ಅದಲುಬದಲಾಗಿದೆ. ಎರಡನ್ನೂ ತೆರೆದಾಗ ದನಿಯೇ ಕುಗ್ಗಿ ಟೊಳ್ಳಾದರೂ ಅದೇ ಅನುಮಾನ. ಇದೇನೂ ವಾದ್ಯವನ್ನು ಬಿಟ್ಟುಬರುವಷ್ಟು ದೊಡ್ಡ ದೋಷವಲ್ಲ. ಸೋಲ್ಡರಿಂಗ್ ಅದಲುಬದಲಾಗಿದ್ದರೆ ಆ ಕೆಲಸ ಬಲ್ಲ ರೇಡಿಯೋ ಟಿವಿ ರಿಪೇರಿಯವರು ಎರಡು ವೈರು ಬದಲಿಸಿ ಸರಿಪಡಿಸಬಹುದು. ಆದರೆ ಬೆಲೆ ಮಾತಾಡುವಾಗ ಅದು ಲೆಕ್ಕಕ್ಕೆ ಬರಬೇಕು.

ಈ ‘ಗುಂಯ್’ ಸದ್ದು ನಮ್ಮ ದೇಶದ ಬೇಸ್ ನುಡಿಸುವವರಿಗೆ ವಿಶೇಷ ತೊಂದರೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಬೇಸಿನ ದಪ್ಪ ತಂತಿಯ ಮೂರನೆಯ ಫ್ರೆಟ್ ಒತ್ತಿದರೆ ಬರುವ ಸ್ವರ 49 ಆವರ್ತದ್ದು. ಎರಡೂ ಅಕ್ಕಪಕ್ಕ ನಿಂತುಬಿಡುತ್ತವೆ. ಲೀಡ್ ಗಿಟಾರಿನಲ್ಲಿ ತಗ್ಗಿನ ದನಿಯನ್ನು ಕತ್ತರಿಸಿ ಸದ್ದು ತಗ್ಗಿಸಬಹುದು, ಬೇಸಿನಲ್ಲಿ ಹಾಗೆ ಮಾಡಿದರೆ ಸಂಗೀತವೇ ಹೋಗುತ್ತದೆ. ಹಬ್ಬದ ಪೆಂಡಾಲಿನಲ್ಲಂತೂ ಸೀರಿಯಲ್ ಸೆಟ್ಟು, ಬಣ್ಣದ ಲೈಟಿನ ಡಿಮ್ಮರು, ಪಕ್ಕದಲ್ಲೇ ಜನರೇಟರು. ಮನೆಯಲ್ಲಿ ಮೌನವಾಗಿದ್ದ ಬೇಸ್ ಅಲ್ಲಿ ಕೂಗತೊಡಗುತ್ತದೆ. ಅದಕ್ಕೇ ಕೊಳ್ಳುವಾಗ ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ, ಆಂಪ್ಲಿಫೈಯರನ್ನು ಜೋರಾಗಿಟ್ಟು, ವಾದ್ಯವನ್ನು ಅತ್ತಿತ್ತ ತಿರುಗಿಸಿ ಕೇಳಿ ನೋಡುವುದು ಒಳ್ಳೆಯದು. ತಂತಿಯನ್ನು ಬೆರಳಿನಿಂದ ಮುಟ್ಟಿದ ಕೂಡಲೇ ಸದ್ದು ಕಡಿಮೆಯಾದರೆ ಒಳಗಿನ ಗ್ರೌಂಡ್ ವೈರು ಬ್ರಿಡ್ಜಿಗೆ, ಅಂದರೆ ತಂತಿಗಳು ಕೂರುವ ಕುದುರೆಗೆ, ಸರಿಯಾಗಿ ಸೇರಿದೆ ಎಂದು ತಿಳಿಯಬಹುದು.

ಇಲ್ಲೇ ಜೀವಕ್ಕೆ ಸಂಬಂಧಿಸಿದ ಒಂದು ಮಾತು. ಆ ಗ್ರೌಂಡ್ ವೈರಿನಿಂದಾಗಿ ಬೇಸಿನ ತಂತಿಗಳು ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿಕೊಂಡಿರುತ್ತವೆ. ಆಂಪ್ಲಿಫೈಯರಿಗೆ ಸರಿಯಾದ ಅರ್ಥಿಂಗ್ ಇಲ್ಲದೆ ಒಳಗೆ ಕರೆಂಟು ಸೋರುತ್ತಿದ್ದರೆ, ತಂತಿ ಹಿಡಿದ ಕಲಾವಿದರ ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆಯುತ್ತದೆ. ಮಳೆ ಬಿದ್ದ ನೆಲ, ಬರಿಗಾಲು ಸೇರಿದರೆ ಪ್ರಾಣಕ್ಕೇ ಅಪಾಯ. ಹಳೆಯ ಆಂಪ್ಲಿಫೈಯರಿನ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಒಂದನ್ನು ಮುರಿದಿಟ್ಟಿದ್ದರೆ ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮೊದಲು ಪ್ಲಗ್ ಬದಲಿಸಿ, ಎಲೆಕ್ಟ್ರಿಷಿಯನ್ನರಿಗೆ ತೋರಿಸಿದ ಮೇಲೆಯೇ ನುಡಿಸಬೇಕು.

ನೆಕ್ಕಿನ ಮಾತಿಗೆ ಬಂದರೆ, ಬೇಸಿನ ನಾಲ್ಕು ತಂತಿಗಳು ಸೇರಿ ಸುಮಾರು 80 ಕಿಲೋ ಭಾರದಷ್ಟು ಎಳೆತ ಹಾಕುತ್ತವೆ. ಒಬ್ಬ ದೃಢಕಾಯ ಮನುಷ್ಯನ ತೂಕ. ಹಗಲೂ ರಾತ್ರಿ ಅದನ್ನು ಆ ಉದ್ದನೆಯ ಮರದ ತುಂಡು ತಡೆದುಕೊಳ್ಳಬೇಕು. ತಡೆಯಲೆಂದೇ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಹಾಕಿರುತ್ತಾರೆ. ಹೊಳೆದಂಡೆಯ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಒಣಗಿ ಕುಗ್ಗುತ್ತದೆ. ವರ್ಷಗಟ್ಟಲೆ ಅಟ್ಟದ ಮೇಲೆ, ಹಂಚಿನ ಕೆಳಗೆ ಬಿದ್ದ ಬೇಸಿನ ನೆಕ್ ಬಾಗದೆ ಉಳಿದಿದ್ದರೆ ಅದು ಒಳ್ಳೆಯ ಮರವೆಂದೇ ಹೇಳಬೇಕು.

ನೋಡುವ ಬಗೆ ಹೀಗೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಎಡಗೈಯಿಂದಲೂ ಕೊನೆಯ ಫ್ರೆಟ್ಟಿನಲ್ಲಿ ಬಲಗೈಯಿಂದಲೂ ಒತ್ತಿ ಹಿಡಿದರೆ ತಂತಿಯೇ ಒಂದು ಸರಳ ರೇಖೆಯಾಗುತ್ತದೆ. ಏಳು ಎಂಟನೆಯ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ, ಎರಡು ಮೂರು ಕಾರ್ಡ್ ತೂರಿದರೆ ಮುಂದಕ್ಕೆ ಬಾಗಿದೆ. ಎರಡನ್ನೂ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು, ಆ ಸರಳಿನ ತಿರುಪು ಇನ್ನೂ ತಿರುಗುವಂತಿದ್ದರೆ. ತಿರುಪಿನ ತಲೆ ಸವೆದು ಗುಂಡಗಾಗಿದ್ದರೆ ಅಥವಾ ಅದನ್ನು ಕೊನೆಯತನಕ ಬಿಗಿದೂ ನೆಕ್ ಬಾಗಿಯೇ ಇದ್ದರೆ ಅಲ್ಲಿಗೆ ವ್ಯಾಪಾರ ನಿಲ್ಲಿಸುವುದು ಮೇಲು. ಹೊಸ ನೆಕ್ಕಿನ ಖರ್ಚು ಅಗ್ಗದ ಬೇಸಿನ ಇಡೀ ಬೆಲೆಯನ್ನೇ ಮೀರಬಹುದು. ನೆಕ್ಕನ್ನು ಹಿಂದಿನಿಂದಲೂ ನೋಡಬೇಕು: ತುದಿಯಿಂದ ಕಣ್ಣು ಹಾಯಿಸಿದಾಗ ಅದು ತಿರುಚಿಕೊಂಡಂತೆ ಕಂಡರೆ ಟ್ರಸ್ ರಾಡ್ ಅದಕ್ಕೆ ಮದ್ದಲ್ಲ.

ಬೆರಳಾಡುವ ಹಲಗೆಯ ಮರವನ್ನು ನೋಡುವಾಗ ನಮ್ಮ ಕಡೆಯವರಿಗೆ ಒಂದು ಸಂತೋಷ ಕಾದಿರುತ್ತದೆ. ವಿದೇಶದಲ್ಲಿ ತಯಾರಾದ ಎಷ್ಟೋ ಬೇಸುಗಳ ಫ್ರೆಟ್‌ಬೋರ್ಡು ಬೀಟೆಯದು. ಪಶ್ಚಿಮಘಟ್ಟದ ಸೆರಗಿನ ಕಾಡುಗಳಲ್ಲಿ ಬೆಳೆಯುವ ಇದೇ ಬೀಟೆಯ ಮೇಲೆ ಮೈಸೂರಿನ ಕುಶಲಕರ್ಮಿಗಳು ಕುಸುರಿಯ ಇನ್‌ಲೇ ಕೆಲಸ ಮಾಡುತ್ತಾರೆ, ಅದಕ್ಕೆ ಭೌಗೋಳಿಕ ಮಾನ್ಯತೆಯೂ ಇದೆ. ಬ್ರೆಜಿಲ್‌ನ ಬೀಟೆ ವಿರಳವಾಗಿ, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಾದ ತಡೆ ಬಂತು. ಭಾರತದ ಬೀಟೆಗೆ ಬೇಡಿಕೆ ಅದಕ್ಕೂ ಮೊದಲೇ ಶುರುವಾಗಿತ್ತು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಸೇರಿ, ಗಡಿ ದಾಟುವ ವಾದ್ಯಗಳಿಗೂ ಕಾಗದಪತ್ರದ ಕಾಟ ಅಂಟಿಕೊಂಡಿತು. 2019ರ ನವೆಂಬರಿನಲ್ಲಿ, ತಯಾರಾಗಿ ಮುಗಿದ ವಾದ್ಯಗಳನ್ನು ಆ ನಿಯಂತ್ರಣದಿಂದ ಬಿಟ್ಟರು. ಈ ನಡುವೆ ಕೆಲವು ಕಂಪನಿಗಳು ತಮ್ಮ ಬೇಸುಗಳಲ್ಲಿ ಬೀಟೆಯ ಬದಲು ಪಾವ್ ಫೆರೊ ಎಂಬ ಮರ ಹಾಕಿದವು. ಆ ವರ್ಷಗಳ ಬೇಸಿನ ಹಲಗೆ ಸ್ವಲ್ಪ ಕೆಂಪಾಗಿ ಕಂಡರೆ ಅದನ್ನು ನಕಲಿ ಎಂದು ತಳ್ಳಿಹಾಕಬೇಕಿಲ್ಲ. ಒಣಗಿ ಬೆಳ್ಳಗಾದ ಬೀಟೆಗೆ ಒಂದು ಹನಿ ಎಣ್ಣೆ ಸವರಿದರೆ ಬಣ್ಣ ಮರಳುತ್ತದೆ. ಬಿರುಕು ಬಿಟ್ಟಿದ್ದರೆ ಮಾತ್ರ ಯೋಚಿಸಬೇಕು.

ತಂತಿ ಹಳತಾಗಿದೆ ಎಂದು ಯಾರೂ ಹೆದರಬೇಕಾಗಿಲ್ಲ. ಬೇಸಿನ ತಂತಿಗಳು ದುಬಾರಿ ನಿಜ, ಆದರೆ ಬೆವರು ಕೂತು ಮಂಕಾದ ತಂತಿಯನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ ಒರೆಸಿ ಒಣಗಿಸಿದರೆ ಸ್ವಲ್ಪ ದಿನಕ್ಕಾದರೂ ನಾದ ಮರಳಿ ಬರುತ್ತದೆ. ಲೋಕದ ಎಷ್ಟೋ ಬೇಸ್ ಕಲಾವಿದರು ಮಾಡುವ ಉಪಾಯ ಇದು. ನಾಬ್ ತಿರುಗಿಸುವಾಗ ಬರುವ ‘ಕರಕರ’ವೂ ದೊಡ್ಡ ದೋಷವಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಗೆ ಹೆಚ್ಚಾಗಿ ಹೋಗುತ್ತದೆ.

ಪಿಕಪ್ ಸುಟ್ಟರೆ ಅಥವಾ ಕಡಿದರೆ ಏನು ಮಾಡುವುದು? ತಿ. ನರಸೀಪುರ ನೀರಾವರಿಯ ಸೀಮೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರು ಇಂಥ ತಾಲ್ಲೂಕು ಊರುಗಳಲ್ಲಿ ಸಿಗುತ್ತಾರೆ. ಅವರ ಕೈಗೆ ಸುರುಳಿ ಸುತ್ತುವ ಅಭ್ಯಾಸ ಇದೆ, ಎನಾಮೆಲ್ ತಂತಿಯ ಮರ್ಮವೂ ಗೊತ್ತು. ಆದರೆ ಮೋಟಾರಿಗೆ ಹಾಕುವ ತಂತಿ ದಪ್ಪನೆಯದು, ಪಿಕಪ್ಪಿನದು ಮಿಲಿಮೀಟರಿನ ಹದಿನೈದನೇ ಒಂದು ಭಾಗದಷ್ಟು. ಆ ಎಳೆ ತರಿಸಿ ಕೊಟ್ಟು, ಸಾವಿರಾರು ಸುತ್ತು ಕಡಿಯದಂತೆ ಸುತ್ತಬಲ್ಲ ತಾಳ್ಮೆಯ ಕೈಯೊಂದು ಒಪ್ಪಿದರೆ ಪಿಕಪ್ ಮತ್ತೆ ಬದುಕೀತು. ಮೈಸೂರು ಜಿಲ್ಲೆಯಲ್ಲಿ ಯಾರಾದರೂ ತರುಣರು ಈ ಕೆಲಸವನ್ನು ಕಸುಬಾಗಿ ಹಿಡಿದರೆ ಅವರಿಗೆ ಗಿರಾಕಿ ಕಡಿಮೆಯಾಗದು. ಇದು ಬರೀ ಹಾರೈಕೆಯಲ್ಲ: ಬೇಸ್, ಲೀಡ್ ಗಿಟಾರ್, ಕೆಲವು ವಿದ್ಯುತ್ ವೀಣೆಗಳು ಎಲ್ಲವುಗಳ ಪಿಕಪ್ಪೂ ಇದೇ ತತ್ತ್ವದ ಮೇಲೆ ನಿಂತಿವೆ.

ಇನ್ನು ಚೌಕಾಸಿ. ನಮ್ಮ ಕಡೆ ಅದು ಶುರುವಾಗುವುದೇ ‘ಅಣ್ಣಾ, ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ?’ ಎಂದು. ‘ನೋಡಪ್ಪಾ, ತಗೊಂಡಾಗ ಎಷ್ಟು ಕೊಟ್ಟಿದ್ದೆ ಗೊತ್ತಾ?’ ಎಂಬುದು ಉತ್ತರ. ಇಬ್ಬರೂ ಕಾಗದದ ಮೇಲೆ ಲೆಕ್ಕ ಬರೆದು ಮಾತಾಡಿದರೆ ಬೇಗ ಮುಗಿಯುತ್ತದೆ. ಅದೇ ಮಾದರಿಯ ಹೊಸ ಬೇಸ್ ಇವತ್ತು ಎಷ್ಟು ಎಂದು ಮೊದಲು ನೋಡಬೇಕು, ಐದು ವರ್ಷದ ಹಿಂದೆ ಎಷ್ಟಿತ್ತು ಎಂಬುದಲ್ಲ. ವಾದ್ಯ ಸುಸ್ಥಿತಿಯಲ್ಲಿದ್ದರೆ ಅದರ ಅರ್ಧದಿಂದ ಮಾತು ಶುರು ಮಾಡುವುದು ನ್ಯಾಯ. ಆಮೇಲೆ ತಂತಿ, ಜ್ಯಾಕ್, ಪಾಟ್, ಪಿಕಪ್ ಯಾವುದನ್ನು ಬದಲಿಸಬೇಕೋ ಅದರ ಬೆಲೆ ಕಳೆಯಬೇಕು. ಗಟ್ಟಿ ಕೇಸ್ ಕೊಟ್ಟರೆ ಅದರ ಬೆಲೆ ಕೂಡಿಸಬೇಕು. ಗಣೇಶನ ಹಬ್ಬದ ಮುಂಚಿನ ತಿಂಗಳು ಎಲ್ಲ ತಂಡಗಳಿಗೂ ವಾದ್ಯ ಬೇಕು, ಆಗ ಚೌಕಾಸಿಗೆ ಮಾರುವವರ ಕೈ ಮೇಲು. ರಾಜ್ಯೋತ್ಸವದ ಕಾರ್ಯಕ್ರಮಗಳೆಲ್ಲ ಮುಗಿದ ಡಿಸೆಂಬರಿನಲ್ಲಿ ಕೊಳ್ಳುವವರ ಕೈ ಮೇಲಾಗುವ ಸಂಭವ ಹೆಚ್ಚು.

ದುಡ್ಡು ಕೈಬದಲಾಗುವಾಗ ಮೋಸ ಹೋಗುವವರು ಕೊಳ್ಳುವವರಷ್ಟೇ ಅಲ್ಲ. ಮಾರುವವರಿಗೆ ಫೋನು ಮಾಡಿ, ನೋಡದೆಯೇ ಒಪ್ಪಿ, ‘ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವವರಿದ್ದಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಒತ್ತಿದರೆ ಹೋಗುವುದು ನಮ್ಮ ದುಡ್ಡೇ. ಹಾಗೇನಾದರೂ ಆದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ನಂಜನಗೂಡಿನಿಂದಾಗಲಿ ತಿ. ನರಸೀಪುರದಿಂದಾಗಲಿ ಮೈಸೂರು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ವಾದ್ಯವನ್ನು ಕಣ್ಣಾರೆ ನೋಡಿ, ನುಡಿಸಿ, ಆಮೇಲೆ ದುಡ್ಡು ಕೊಡುವುದಕ್ಕೆ ಅರ್ಧ ದಿನ ಸಾಕು.

ಕದ್ದ ವಾದ್ಯದ ಪ್ರಶ್ನೆ ಇನ್ನೂ ಗಂಭೀರ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಒಂದು ಹಾಫ್ನರ್ ಬೇಸ್ ಕೊಂಡಿದ್ದರು. ತಂಡದ ಮೊದಲ ಹಾಡುಗಳಲ್ಲಿ ಕೇಳಿಸುವುದು ಆ ಬೇಸೇ. 1972ರಲ್ಲಿ ಲಂಡನ್ನಿನಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ ಅದು ಕಳುವಾಯಿತು. ಅಭಿಮಾನಿಗಳು ಹುಡುಕಾಟ ಸಾರಿದ ಮೇಲೆ, ಒಂದು ಮನೆಯ ಅಟ್ಟದಲ್ಲಿದ್ದ ಬೇಸ್ ಅದೇ ಎಂದು ಗೊತ್ತಾಯಿತು. ಅದು ಅವರ ಕೈಸೇರಿದ ಸುದ್ದಿ ಹೊರಬಿದ್ದದ್ದು 2024ರಲ್ಲಿ. ಐವತ್ತು ವರ್ಷ ಕಳೆದರೂ ಅದು ಅವರದ್ದೇ. ನಮ್ಮ ಕಾನೂನಿನ ತಿರುಳೂ ಅದೇ: ಮಾರುವವರಿಗೇ ಒಡೆತನ ಇಲ್ಲದಿದ್ದರೆ, ದುಡ್ಡು ಕೊಟ್ಟ ಮಾತ್ರಕ್ಕೆ ಕೊಂಡವರಿಗೆ ಸಾಮಾನ್ಯವಾಗಿ ಒಡೆತನ ಬರುವುದಿಲ್ಲ. ಕದ್ದದ್ದೆಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ಆದ್ದರಿಂದ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಂಡು, ಒಂದು ಹಾಳೆಯಲ್ಲಿ ಮಾದರಿ, ನಂಬರ್, ತಾರೀಖು, ಬೆಲೆ ಬರೆದು ಇಬ್ಬರೂ ಸಹಿ ಹಾಕಬೇಕು. ಸ್ನೇಹಿತರ ನಡುವಿನ ವ್ಯಾಪಾರವಾದರೂ ಹಾಗೇ. ನಂಬರ್ ಕೆರೆದು ಅಳಿಸಿದ ವಾದ್ಯವನ್ನು, ಎಷ್ಟು ಚೆನ್ನಾಗಿ ನುಡಿದರೂ, ಮುಟ್ಟದಿರುವುದೇ ಸರಿ.

ಮಾರುವವರಿಗೂ ಒಂದು ಕೆಲಸ ಇದೆ. ಹಲವರು ಬೇಸ್ ಕೊಂಡ ಸ್ವಲ್ಪ ದಿನಕ್ಕೆ ಪಿಕಪ್ ಬದಲಿಸುತ್ತಾರೆ. ಸೆಮೂರ್ ಡಂಕನ್, ಡಿಮಾರ್ಜಿಯೊ, ಇಎಂಜಿ ಮುಂತಾದ ಹೆಸರಾಂತ ಪಿಕಪ್‌ಗಳನ್ನು ಹಾಕಿಸಿ, ತೆಗೆದದ್ದನ್ನು ಎಲ್ಲೋ ಬಿಸಾಡುತ್ತಾರೆ. ಅದು ಕಂಪನಿಯಿಂದ ಬಂದ ಮೂಲ ಪಿಕಪ್. ಮುಂದೆ ಬೇಸನ್ನು ಮಾರುವಾಗ ಅದೂ ಜೊತೆಗಿದ್ದರೆ ಮಾರುವವರಿಗೆ ಎರಡು ದಾರಿ ತೆರೆದಿರುತ್ತದೆ: ಹೊಸ ಪಿಕಪ್ಪಿನೊಂದಿಗೇ ಮಾರಬಹುದು, ಅಥವಾ ಮೂಲದ್ದನ್ನು ಮರಳಿ ಕೂರಿಸಿ, ದುಬಾರಿಯದನ್ನು ಬೇರೆಯಾಗಿ ಮಾರಬಹುದು. ಹೆಸರಾಂತ ಪಿಕಪ್ಪಿನ ನಕಲುಗಳೂ ಪೇಟೆಯಲ್ಲಿರುವುದರಿಂದ, ಪಿಕಪ್ ಮಾತ್ರ ಮಾರುವವರು ಅದರ ಅಡಿಯ ಫೋಟೋ, ಕೊಂಡ ರಸೀದಿ, ಮೀಟರಿನಲ್ಲಿ ಬಂದ ಓಮ್ ಮೂರನ್ನೂ ತೋರಿಸಿದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಬಿಚ್ಚುವಾಗ ವೈರನ್ನು ಪಿಕಪ್ಪಿನ ಬುಡದಲ್ಲಿ ಕತ್ತರಿಸದೆ, ಆಚೆ ತುದಿಯಲ್ಲಿ ಸೋಲ್ಡರ್ ಕರಗಿಸಿ ಬಿಡಿಸಬೇಕು. ವೈರು ಗಿಡ್ಡವಾದ ಪಿಕಪ್ ಬೇರೆ ಬೇಸಿನಲ್ಲಿ ಪಾಟಿನ ತನಕ ಮುಟ್ಟುವುದಿಲ್ಲ. ತೆಗೆದ ಪಿಕಪ್ಪನ್ನು ಸ್ಪಂಜಿನಲ್ಲಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಯಾವ ಬೇಸಿನದು, ಬ್ರಿಡ್ಜಿನ ಕಡೆಯದೋ ನೆಕ್ಕಿನ ಕಡೆಯದೋ, ಬಿಚ್ಚಿದ ದಿನ ಎಷ್ಟು ಓಮ್ ಇತ್ತು ಎಂದು ಒಂದು ಚೀಟಿಯಲ್ಲಿ ಬರೆದು ಬೇಸಿನ ಚೀಲದೊಳಗೇ ಇಡಬೇಕು. ಬೇಸ್ ಯಾರ ಮನೆಗೆ ಹೋಗುತ್ತದೋ ಆ ಡಬ್ಬಿಯೂ ಅಲ್ಲಿಗೇ ಹೋಗಬೇಕು.